ಒಂದು ಬೀಸಣಿಗೆಗೆ ಎಷ್ಟು ಮಂದಿಯ ಸಲಹೆ?

ಒಂದೇ ಕೆಲಸವನ್ನು ಕಡಮೆ ಶಕ್ತಿಯಿಂದ ಮಾಡಿಸಿಕೊಳ್ಳುವುದಕ್ಕೆ ಶಕ್ತಿದಕ್ಷತೆ ಎಂದು ಹೆಸರು. ಇದಕ್ಕಾಗಿ ದೇಶವೊಂದು ನಿಯಮಗಳನ್ನು ರಚಿಸುವಾಗ ಯಾರ ಮಾತನ್ನು ಕೇಳಬೇಕು? ನಮ್ಮ ಮನೆಗಳ ವಿದ್ಯುತ್ ಬೀಸಣಿಗೆಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡೋಣ.

ಹಳೆಯ ಮಾದರಿಯ ಬೀಸಣಿಗೆಗೆ ಸುಮಾರು 75 ವ್ಯಾಟ್ ಬೇಕು. ಅದರ ಮೋಟಾರಿನ ತಿರುಗುವ ಭಾಗದಲ್ಲಿಯೂ ವಿದ್ಯುತ್ ಪ್ರವಾಹವನ್ನು ಪ್ರೇರಿಸಬೇಕಾಗಿರುವುದರಿಂದ ಶಕ್ತಿಯ ಒಂದು ಪಾಲು ಅಲ್ಲಿ ಶಾಖವಾಗಿ ಪೋಲಾಗುತ್ತದೆ. ಬಿ.ಎಲ್.ಡಿ.ಸಿ. ಎಂಬ ಹೊಸ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತವಿರುವುದರಿಂದ ಆ ಪ್ರವಾಹ ಅನಾವಶ್ಯಕ. ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿಸಿದರೆ ಮೊದಲನೆಯದಕ್ಕೆ 225 ಯೂನಿಟ್, ಎರಡನೆಯದಕ್ಕೆ 90 ಯೂನಿಟ್. ಉಳಿತಾಯ 135 ಯೂನಿಟ್. ಕಲ್ಲಿದ್ದಲ ಸ್ಥಾವರಗಳಲ್ಲಿ ಇಂಧನದ ಶಾಖದ ಮೂರನೆಯ ಒಂದು ಪಾಲಿನಷ್ಟು ಮಾತ್ರ ವಿದ್ಯುತ್ತಾಗುವುದು. ಆದುದರಿಂದ ಮನೆಯಲ್ಲಿ ಉಳಿದ ಒಂದು ಯೂನಿಟ್ ಅಲ್ಲಿ ಸುಮಾರು ಮೂರು ಯೂನಿಟ್ಟಿನಷ್ಟು ಶಾಖವನ್ನು ಉಳಿಸುತ್ತದೆ.

ಹಾಗಾದರೆ ಹಳೆಯದನ್ನು ಒಮ್ಮೆಗೇ ನಿಷೇಧಿಸಬಾರದೆ? ಹೊಸ ಅಚ್ಚು, ಹೊಸ ಯಂತ್ರಗಳಿಗೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ತಯಾರಕನು ಬಲ್ಲನು. ಗಾಳಿಯನ್ನೇ ಕಡಮೆ ಮಾಡಿಯೂ ವಿದ್ಯುತ್ತನ್ನು ಉಳಿಸಬಹುದಾದ ಕಾರಣ, ಒಂದು ವ್ಯಾಟಿಗೆ ಎಷ್ಟು ಗಾಳಿ ಬೀಸುವುದೆಂಬುದನ್ನೇ ಅಳೆಯಬೇಕೆಂದು ಪ್ರಯೋಗಶಾಲೆ ಹೇಳುತ್ತದೆ. ಸಂಜೆಯ ಹೊತ್ತಿನ ಬೇಡಿಕೆಯ ಒತ್ತಡವನ್ನು ವಿದ್ಯುತ್ ಸಂಸ್ಥೆ ಅರಿತಿದೆ. ಬಡ ಗ್ರಾಹಕನಿಗೆ ಮೊದಲು ಕಾಣುವುದು ಬೆಲೆ. ಬಾಡಿಗೆಯ ಮನೆಯಲ್ಲಂತೂ ಬೀಸಣಿಗೆ ಕೊಳ್ಳುವವನು ಮನೆಯೊಡೆಯ, ಬಿಲ್ಲು ತೆರುವವನು ಬಾಡಿಗೆದಾರ! ಅಗ್ಗದ ಬೀಸಣಿಗೆಯಿಂದ ಒಡೆಯನಿಗೆ ನಷ್ಟವೇನೂ ಇಲ್ಲ. ಹೀಗೆ ಒಬ್ಬೊಬ್ಬರು ಸತ್ಯದ ಒಂದೊಂದು ಅಂಶವನ್ನು ಮಾತ್ರ ಬಲ್ಲರು.

ನಮ್ಮ ದೇಶದ ಶಾಸನವು ಇದನ್ನು ಮನಗಂಡಿತು. 2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ಅದರ ಆಡಳಿತ ಮಂಡಲಿಯಲ್ಲಿ ಸರ್ಕಾರದ ಅಧಿಕಾರಿಗಳೊಡನೆ ಐದು ವಿದ್ಯುತ್ ವಲಯಗಳ ರಾಜ್ಯಗಳಿಗೂ, ಕೈಗಾರಿಕೆ, ಉಪಕರಣ ತಯಾರಕರು, ವಾಸ್ತುಶಿಲ್ಪಿಗಳು ಹಾಗೂ ಗ್ರಾಹಕರ ಪ್ರತಿನಿಧಿಗಳಿಗೂ ಕಾಯಿದೆ ಸ್ಥಾನ ಕಲ್ಪಿಸಿತು. ಉಪಕರಣಗಳಿಗೆ ನಕ್ಷತ್ರ ಚೀಟಿ ಅಂಟಿಸುವ ಯೋಜನೆ 2006ರಲ್ಲಿ ಆರಂಭವಾಯಿತು. ಬೀಸಣಿಗೆಗಳಿಗೆ ಮೊದಲು ಐಚ್ಛಿಕವಾಗಿದ್ದ ಈ ಚೀಟಿ 2023ರ ಜನವರಿ 1ರಿಂದ ಕಡ್ಡಾಯವಾಯಿತು. ಮೊದಲು ತಿಳಿವಳಿಕೆ, ಅನಂತರ ಕಟ್ಟುಪಾಡು ಎಂಬ ಈ ಕ್ರಮದಿಂದ ತಯಾರಕರಿಗೂ ಸಿದ್ಧತೆಗೆ ಅವಕಾಶ ದೊರೆಯುತ್ತದೆ.

ಆದರೆ ಪೀಠ ದೊರೆತ ಮಾತ್ರಕ್ಕೆ ಎಲ್ಲರ ದನಿಯೂ ಸಮನಾಗುವುದಿಲ್ಲ. ಉದ್ಯಮಗಳು ತಜ್ಞರನ್ನೂ ಅಂಕಿಅಂಶಗಳನ್ನೂ ಜೊತೆಗೆ ತರಬಲ್ಲವು. ಬಾಡಿಗೆದಾರನಿಗೆ ಆ ಅನುಕೂಲವೆಲ್ಲಿ? ಆತನ ಪರವಾಗಿ ಲೆಕ್ಕ ಹಾಕಬಲ್ಲವರು ಇಲ್ಲದಿದ್ದರೆ, ದುರ್ಬಲವಾದ ಮಾನಕದ ಬೆಲೆಯನ್ನು ಆತನೇ ತಿಂಗಳು ತಿಂಗಳೂ ತೆರಬೇಕಾಗುವುದು.

ಆ ಲೆಕ್ಕವು ವಿದ್ಯಾರ್ಥಿಗಳಾದ ನಮಗೆ ಕಷ್ಟವಲ್ಲ. ವ್ಯಾಟನ್ನು ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ದೊರೆಯುವುದು. ನಮ್ಮ ನಮ್ಮ ಮನೆಗಳ ಬೀಸಣಿಗೆಗಳಿಂದಲೇ ಪ್ರಾರಂಭಿಸೋಣ.