ಮಣಿಕಟ್ಟಿನ ಚರ್ಮ ನಾಲಿಗೆಯಾದಾಗ

ಪ್ರಶ್ನೆ: ನಮ್ಮ ಭಾವನಿಗೆ ನಾಲಿಗೆ ಕ್ಯಾನ್ಸರ್. ಅರ್ಧ ನಾಲಿಗೆ ತೆಗೆದು, ಕೈಯಿಂದ ಚರ್ಮ ತಂದು ಕಟ್ಟುತ್ತಾರಂತೆ. ಆಮೇಲೆ ಮಾತಾಡುವುದಕ್ಕೆ, ಮುದ್ದೆ ಉಣ್ಣುವುದಕ್ಕೆ ಆಗುತ್ತದಾ?
– ಓದುಗರೊಬ್ಬರು, ಹುಣಸೂರು ತಾಲ್ಲೂಕು

ಉತ್ತರ: ಹೆಚ್ಚಿನವರಿಗೆ ಆಗುತ್ತದೆ. ಆದರೆ ಎರಡನ್ನೂ ಹೊಸದಾಗಿ ಕಲಿಯಬೇಕು.

ಸಾಮಾನ್ಯವಾಗಿ ಎಡ ಮಣಿಕಟ್ಟಿನ ಒಳಮೈಯ ತೆಳು ಚರ್ಮವನ್ನು ರಕ್ತನಾಳಗಳ ಸಮೇತ ಎತ್ತುತ್ತಾರೆ. ಇದನ್ನು ಫ್ಲ್ಯಾಪ್ ಎನ್ನುತ್ತಾರೆ. ಚೀನಾದ ವೈದ್ಯರು 1981ರಲ್ಲಿ ಪ್ರಕಟಿಸಿದ ವಿಧಾನ ಇದು. ನಾಡಿ ಹಿಡಿದು ನೋಡುತ್ತೇವಲ್ಲ, ಆ ನಾಳವೇ ಫ್ಲ್ಯಾಪಿನ ಜೊತೆ ಹೋಗುತ್ತದೆ. ಅದಕ್ಕೇ ಮೊದಲು ಮುಷ್ಟಿ ಕಟ್ಟಿಸಿ, ಮಣಿಕಟ್ಟಿನ ಎರಡೂ ನಾಳ ಅದುಮಿ, ಕಿರುಬೆರಳಿನ ಕಡೆಯದನ್ನು ಮಾತ್ರ ಬಿಟ್ಟು ನೋಡುತ್ತಾರೆ. ಬಿಳಿಚಿದ ಅಂಗೈ ಕೆಲವೇ ಸೆಕೆಂಡಿನಲ್ಲಿ ಕೆಂಪೇರಿದರೆ ಆ ಒಂದೇ ನಾಳ ಕೈಯನ್ನು ಸಾಕುತ್ತದೆ ಎಂದರ್ಥ. ಫ್ಲ್ಯಾಪಿನ ನಾಳಗಳನ್ನು ಕತ್ತಿನ ನಾಳಗಳಿಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಮೊದಲ ಎರಡು ಮೂರು ದಿನ ಅದರ ಬಣ್ಣವನ್ನು ಗಂಟೆಗಂಟೆಗೆ ನೋಡುತ್ತಾರೆ. ನೀಲಿಗಟ್ಟಿದರೆ ನಡುರಾತ್ರಿಯಾದರೂ ಮತ್ತೆ ಥಿಯೇಟರಿಗೆ ಒಯ್ಯಬೇಕಾಗುತ್ತದೆ.

ಈ ಚರ್ಮಕ್ಕೆ ರುಚಿ ಗೊತ್ತಾಗದು, ತಾನಾಗಿ ಅಲುಗಾಡಲೂ ಬಾರದು. ಆ ಎರಡೂ ಉಳಿದರ್ಧ ನಾಲಿಗೆಯ ಕೆಲಸ. ಫ್ಲ್ಯಾಪ್ ಖಾಲಿ ಜಾಗ ತುಂಬಿ, ಆ ಉಳಿದ ಭಾಗ ದವಡೆಗೆ ಅಂಟಿಕೊಳ್ಳದಂತೆ ಕಾಯುತ್ತದೆ. ಇಷ್ಟೇ ಅಂದುಕೊಳ್ಳಬೇಡಿ, ಮಾತು ನಿಂತಿರುವುದೇ ಇದರ ಮೇಲೆ.

'ಅಪ್ಪ', 'ಅಮ್ಮ' ತುಟಿಯಲ್ಲೇ ಹುಟ್ಟುವ ಮಾತುಗಳು, ಬೇಗ ಬರುತ್ತವೆ. ಕಷ್ಟ ಕೊಡುವುದು ನಾಲಿಗೆ ಮಡಚಿ ಹೇಳುವ ಟ, ಡ, ಣ, ಳ. 'ಪಿರಿಯಾಪಟ್ಟಣ' ಎನ್ನಿ: ಶುರುವಿನ 'ಪಿ' ಸುಲಭ, ಕೊನೆಯ 'ಟ್ಟಣ' ತೊಡರುತ್ತದೆ. ಮುದ್ದೆಯನ್ನಂತೂ ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಸಾರಿನಲ್ಲಿ ಅದ್ದಿದ ತುತ್ತನ್ನು ಹಿಂದಕ್ಕೆ ತಳ್ಳುವುದು ನಾಲಿಗೆಯೇ. ಮೊದಲ ದಿನಗಳಲ್ಲಿ ಮೂಗಿನ ನಳಿಕೆಯಲ್ಲೇ ಆಹಾರ. ಆಮೇಲೂ ಮನೆಯವರು ಆತುರಪಟ್ಟು ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಇಳಿದೀತು. ಯಾವಾಗ, ಏನು ಎನ್ನುವುದನ್ನು ವಾಕ್ ಚಿಕಿತ್ಸಕರು ಹೇಳಲಿ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರವೇ.

ಭಾವನವರು ಎಲೆಅಡಿಕೆ, ಕಡ್ಡಿಪುಡಿ, ಬೀಡಿ ಇವತ್ತೇ ಬಿಡಲಿ. ಉಳಿದ ಬಾಯಲ್ಲಿ ಇನ್ನೊಂದು ಕ್ಯಾನ್ಸರ್ ಹುಟ್ಟುವ ಭಯ ಇದ್ದೇ ಇದೆ. ಚರ್ಮ ತೆಗೆಯುವುದು ಯಾವ ಕೈಯಿಂದ ಎಂದು ವೈದ್ಯರನ್ನು ಈಗಲೇ ಕೇಳಿ. ಆಪರೇಷನ್ ಆಗುವವರೆಗೆ ಆ ಕೈಗೆ ಡ್ರಿಪ್ ಹಾಕಲು, ರಕ್ತ ತೆಗೆಯಲು ಬಿಡಬೇಡಿ.