ಮನೆ ಕಂಪ್ಯೂಟರಿಗೂ ಕಿಸೆಯ ಫೋನಿಗೂ ಒಂದೇ ಮೇಲ್

ಒಣಬೇಸಾಯದವರಿಗೆ ಇ-ಮೇಲ್ ಯಾತಕ್ಕೆ ಅಂತ ಕೇಳುವವರು ಈಗಲೂ ಇದ್ದಾರೆ. ನಮ್ಮದು ಚಳ್ಳಕೆರೆ ತಾಲೂಕು. ಶೇಂಗಾ, ತೊಗರಿ, ನವಣೆ ಬೆಳೆ. ಹನ್ನೊಂದು ಮನೆಯವರು ಸೇರಿ ನವಣೆ ಬೀಜ ಮಾಡಿ ಮಾರುತ್ತೇವೆ. ಫೋನಿನಲ್ಲಿ ಎಷ್ಟು ಮಾತಾಡಿದರೂ, ವಾಟ್ಸಾಪಿನಲ್ಲಿ ಎಷ್ಟು ಫೋಟೊ ಕಳಿಸಿದರೂ, ಕೊಳ್ಳುವ ಸಂಸ್ಥೆಯವರು ಕೊನೆಗೆ ಹೇಳೋದು "ಒಂದು ಮೇಲ್ ಹಾಕಿ" ಅಂತಲೇ. ದರ, ತೂಕ, ಕಳಿಸುವ ಜಾಗ, ಬಿಲ್ಲು ಎಲ್ಲ ಅದರಲ್ಲೇ. ನಾಳೆ ತಕರಾರು ಬಂದರೆ ತೋರಿಸಲು ಇರುವ ಕಾಗದವೂ ಅದೇ.

ನಾನು ಓದಿದ್ದು ಏಳನೇ ಕ್ಲಾಸು. ಈ ವಿಷಯ ಹುಡುಗರಿಗೆ ಚೆನ್ನಾಗಿ ಗೊತ್ತು. ಆದರೆ ಅವರು ಹೇಳಿಕೊಡುವಾಗ ಬಾಯಿಗಿಂತ ಬೆರಳು ಮುಂದೆ ಓಡುತ್ತೆ, ನಮಗೆ ಏನೂ ಉಳಿಯೋದಿಲ್ಲ. ಹಾಗಾಗಿ ಕೂತು, ಕೇಳಿ, ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ಮೇಲ್ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ದೂರದಲ್ಲಿ ಸದಾ ಚಾಲೂ ಇರುವ ಒಂದು ಕಂಪ್ಯೂಟರಿಗೆ ಬಂದು ಕೂರುತ್ತದೆ. ಅದಕ್ಕೆ ಸರ್ವರ್ ಅನ್ನುತ್ತಾರೆ. ಅಲ್ಲಿಂದ ನಮ್ಮ ಫೋನು, ಕಂಪ್ಯೂಟರು ಅದನ್ನು ಕೇಳಿ ತರಬೇಕು. ತರುವುದಕ್ಕೆ ಎರಡು ಪದ್ಧತಿ ಇವೆ. ಒಂದರ ಹೆಸರು ಪಾಪ್, ಇನ್ನೊಂದು ಐಮ್ಯಾಪ್.

ಪಾಪ್ ಅಂದರೆ ಅಂಚೆಯಣ್ಣ ಕಾಗದ ಕೊಟ್ಟು ಹೋದ ಹಾಗೆ. ಕಾಗದ ನಿಮ್ಮ ಮನೆಗೆ ಬಂತು, ಅಂಚೆ ಕಚೇರಿಯಲ್ಲಿ ಏನೂ ಉಳಿಯಲಿಲ್ಲ. ಈಗ ಬಳಕೆಯಲ್ಲಿರುವ ಅದರ ಮೂರನೇ ಆವೃತ್ತಿ ಬಂದದ್ದು 1988ರಲ್ಲಿ. ಆಗ ಟೆಲಿಫೋನ್ ತಂತಿಯಲ್ಲಿ ಸಂಪರ್ಕ ಮಾಡಿ, ಇದ್ದಬದ್ದ ಮೇಲ್ ಎಳೆದುಕೊಂಡು, ಲೈನ್ ಕತ್ತರಿಸಿ ಆಮೇಲೆ ಓದುತ್ತಿದ್ದರು. ಮನೆಗೆ ಒಂದೇ ಯಂತ್ರ ಇದ್ದರೆ ಅದರಲ್ಲಿ ತೊಂದರೆ ಇಲ್ಲ.

ಐಮ್ಯಾಪನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದರು. ಇದು ನಮ್ಮ ಪಹಣಿ ಇದ್ದ ಹಾಗೆ. ಮೂಲ ದಾಖಲೆ ಭೂಮಿ ಕಂಪ್ಯೂಟರಿನಲ್ಲಿ ಇರುತ್ತೆ, ಎಲ್ಲಿ ತೆಗೆಸಿದರೂ ಅದೇ ಪಹಣಿ ಬರುತ್ತೆ. ಐಮ್ಯಾಪಿನಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ. ಫೋನು, ಕಂಪ್ಯೂಟರು ಎರಡೂ ಅದನ್ನೇ ತೋರಿಸುತ್ತವೆ. ಮೇಲ್ ಮಾತ್ರ ಅಲ್ಲ, ಓದಿದ ಗುರುತು, ಉತ್ತರ ಬರೆದ ಗುರುತು, ನಕ್ಷತ್ರದ ಗುರುತು, ಅರ್ಧ ಬರೆದಿಟ್ಟ ಕಾಗದ ಇವೂ ಅಲ್ಲೇ ಉಳಿಯುತ್ತವೆ. ಫೋನಿನಲ್ಲಿ ಓದಿದರೆ ಕಂಪ್ಯೂಟರಿನಲ್ಲೂ ಓದಿದ್ದಾಗುತ್ತೆ.

ಈ ವ್ಯತ್ಯಾಸದ ಬೆಲೆ ನಮಗೆ ತಿಳಿದದ್ದು 2023ರ ಮುಂಗಾರಿನಲ್ಲಿ. ನಮ್ಮ ಗುಂಪಿನ ಮೇಲ್ ವಿಳಾಸ ಗುಂಪಿನ ಹೆಸರಿನದೇ, ವರ್ಷಕ್ಕೆ ಇಷ್ಟು ಅಂತ ಹಣ ಕಟ್ಟಿ ಪಡೆದದ್ದು. ಮನೆ ಕಂಪ್ಯೂಟರಿಗೆ ಅದನ್ನು ಜೋಡಿಸಿಕೊಟ್ಟ ಅಂಗಡಿಯವರು ಪಾಪ್ ಹಾಕಿದ್ದರು. 'ಸರ್ವರಿನಲ್ಲಿ ಪ್ರತಿ ಉಳಿಸು' ಅನ್ನೋ ಕಡೆ ಗುರುತನ್ನೂ ಹಾಕಿರಲಿಲ್ಲ. 6 ಕ್ವಿಂಟಲ್ ನವಣೆ ಬೀಜ ಹಿರಿಯೂರಿಗೆ ಕಳಿಸಿ ಅಂತ ಆರ್ಡರ್ ಇತ್ತು. ಕಳಿಸುವ ದಿನ ಬೆಳಿಗ್ಗೆ ಇನ್ನೊಂದು ಮೇಲ್ ಬಂದಿದೆ: ಹಿರಿಯೂರು ಬೇಡ, ಸಿರಾಕ್ಕೆ ಕಳಿಸಿ, ರೈತರು ಅಲ್ಲೇ ಬಂದು ಒಯ್ಯುತ್ತಾರೆ. ಅದೇ ಹೊತ್ತಿಗೆ ಮನೆಯಲ್ಲಿ ಸೊಸೆ ಪರೀಕ್ಷೆಯ ಫಲಿತಾಂಶ ನೋಡಲು ಕಂಪ್ಯೂಟರ್ ಹಚ್ಚಿದ್ದಾಳೆ. ಮೇಲಿನ ಪ್ರೋಗ್ರಾಂ ತಾನಾಗಿ ತೆರೆದುಕೊಂಡು ಆ ಮೇಲನ್ನು ಎಳೆದುಕೊಂಡಿದೆ. ಅದನ್ನು ಯಾರೂ ತೆರೆದು ನೋಡಲಿಲ್ಲ. ಗೋದಾಮಿನಲ್ಲಿದ್ದ ನನ್ನ ಫೋನು ಸರ್ವರಿಗೆ ಹೋಗಿ ಕೇಳಿದಾಗ ಅಲ್ಲಿ ಏನೂ ಇರಲಿಲ್ಲ. ಗಾಡಿ ಹಿರಿಯೂರಿಗೆ ಹೋಗಿ, ಚೀಲ ಇಳಿಸಿ ವಾಪಸ್ ಬಂತು. ಬೇರೆ ಗಾಡಿ ಸಿಕ್ಕಿದ್ದು ಮಾರನೇ ದಿನ ಸಂಜೆ. 1,800 ರೂಪಾಯಿ ಬಾಡಿಗೆ ದಂಡವಾದದ್ದು ಹೋಗಲಿ. ಮಳೆ ಬಿದ್ದ ನೆಲ ಬೀಜಕ್ಕಾಗಿ ಕಾಯುತ್ತಿತ್ತು. ಎರಡು ದಿನದ ಹದ ಆರಿಹೋಯಿತಲ್ಲ, ಅದು ಯಾವ ಲೆಕ್ಕಕ್ಕೂ ಸಿಗೋದಿಲ್ಲ.

ನಿಮ್ಮಲ್ಲಿ ಯಾವ ಪದ್ಧತಿ ಇದೆ ಅಂತ ನೋಡುವುದು ಸುಲಭ. ಓದದ ಒಂದು ಮೇಲನ್ನು ಫೋನಿನಲ್ಲಿ ತೆರೆಯಿರಿ. ಹತ್ತು ನಿಮಿಷ ಬಿಟ್ಟು ಕಂಪ್ಯೂಟರ್ ನೋಡಿ. ಅಲ್ಲಿ ಅದರ ಹೆಸರು ದಪ್ಪ ಅಕ್ಷರದಲ್ಲೇ ಇದ್ದರೆ ಎರಡಕ್ಕೂ ಹೊಂದಿಕೆ ಇಲ್ಲ. ಆಮೇಲೆ ಕಂಪ್ಯೂಟರಿನಿಂದ ಯಾರಿಗಾದರೂ ಒಂದು ಕಾಗದ ಕಳಿಸಿ. ಫೋನಿನ 'ಸೆಂಟ್' ಪೆಟ್ಟಿಗೆಯಲ್ಲಿ ಅದು ಕಾಣಬೇಕು. ಪಾಪ್ ಇದ್ದರೆ ಕಳಿಸಿದ್ದು ಕಳಿಸಿದ ಯಂತ್ರದಲ್ಲೇ ಉಳಿಯುತ್ತೆ. ಕೆಲವು ಪ್ರೋಗ್ರಾಂಗಳು ಪಾಪಿನಲ್ಲೂ 14 ದಿನ ಸರ್ವರಿನಲ್ಲಿ ಪ್ರತಿ ಇಟ್ಟು ಆಮೇಲೆ ತೆಗೆಯುತ್ತವೆ. ಇದು ಇನ್ನೂ ಮೋಸ. ಎರಡು ವಾರ ಎಲ್ಲ ಸರಿಯಾಗಿದೆ ಅನ್ನಿಸುತ್ತೆ, ಹಳೇ ಬಿಲ್ಲು ಹುಡುಕುವಾಗಲೇ ಗೊತ್ತಾಗೋದು.

ಬದಲಾಯಿಸುವ ಬಗೆ

ಜಿಮೇಲ್ ವಿಳಾಸ ಇರುವವರಿಗೆ ಹೆಚ್ಚು ಕೆಲಸ ಇಲ್ಲ. ಫೋನಿನಲ್ಲಿ ಜಿಮೇಲ್ ಆಪ್, ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಅದೇ ವಿಳಾಸದಿಂದ ಒಳಗೆ ಹೋದರೆ ಎರಡೂ ಒಂದೇ. ಬಹಳ ಜನಕ್ಕೆ ಇಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಊರಿನಂತೆ ದಿನಕ್ಕೆ ನಾಲ್ಕು ಸಲ ನೆಟ್ ಹೋಗುವ ಕಡೆ ಮಾತ್ರ ಥಂಡರ್‌ಬರ್ಡ್ ಥರದ ಪ್ರೋಗ್ರಾಂ ಉಪಯೋಗ. ದುಡ್ಡು ಕೊಡಬೇಕಾಗಿಲ್ಲ. ನೆಟ್ ಇದ್ದಾಗ ತಂದಿಟ್ಟುಕೊಂಡ ಮೇಲನ್ನು ನೆಟ್ ಇಲ್ಲದಾಗಲೂ ಓದಬಹುದು. 2024ರಿಂದ ಇದು ಆಂಡ್ರಾಯ್ಡ್ ಫೋನಿಗೂ ಬಂದಿದೆ.

ಥಂಡರ್‌ಬರ್ಡಿನಲ್ಲಿ ಪಾಪ್ ಖಾತೆಯನ್ನೇ ತಿದ್ದಿ ಐಮ್ಯಾಪ್ ಮಾಡಲು ಬರುವುದಿಲ್ಲ. ಅದೇ ವಿಳಾಸವನ್ನು ಐಮ್ಯಾಪ್ ಅಂತ ಹೊಸದಾಗಿ ಸೇರಿಸಬೇಕು. ಸ್ವಂತ ಹೆಸರಿನ ವಿಳಾಸ ಇದ್ದವರು ಸರ್ವರಿನ ಹೆಸರನ್ನು ಹಣ ಕಟ್ಟಿದ ಕಡೆಯೇ ಕೇಳಿ ಪಡೆಯಿರಿ. ಬರುವ ಮೇಲಿಗೆ ಸಾಮಾನ್ಯವಾಗಿ 993, ಹೋಗುವ ಮೇಲಿಗೆ 465 ಅಥವಾ 587 ಅನ್ನೋ ಬಾಗಿಲು ನಂಬರ್ ಇರುತ್ತೆ. ಫೋನಿನ ಜಿಮೇಲ್ ಆಪಿನಲ್ಲೂ 'ಬೇರೆ ಖಾತೆ ಸೇರಿಸು' ಅಂತ ಹೋಗಿ ಇದನ್ನೇ ತುಂಬಿದರೆ ಆಯ್ತು. ಬರೀ ಹೆಸರು, ಪಾಸ್‌ವರ್ಡು ಕೇಳುವ ಹಳೇ ಪ್ರೋಗ್ರಾಂಗಳನ್ನು ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಖಾತೆಗಳಿಗೆ ನಿಲ್ಲಿಸಿದೆ. ಜಿಮೇಲ್ ವಿಳಾಸವನ್ನು ಹೊಸ ಥಂಡರ್‌ಬರ್ಡಿಗೆ ಸೇರಿಸುವಾಗ ಗೂಗಲಿನ ಕಿಟಕಿಯೇ ತೆರೆದುಕೊಳ್ಳುತ್ತೆ, ಗಾಬರಿ ಬೇಡ.

ಹೊಸ ಖಾತೆ ಬಂತು ಅಂತ ಹಳೇ ಪಾಪ್ ಖಾತೆಯನ್ನು ಕೂಡಲೇ ಕಿತ್ತುಹಾಕಬೇಡಿ. ನಿಮ್ಮ ಹಳೇ ಮೇಲ್‌ಗಳು ಇರೋದು ಅದರಲ್ಲಿ ಮಾತ್ರ. ಮೊದಲು ಅದರಲ್ಲಿ ಹೊಸ ಮೇಲ್ ತರುವುದನ್ನು ನಿಲ್ಲಿಸಿ, ಇಲ್ಲವಾದರೆ ಮತ್ತೆ ಎಳೆದುಕೊಳ್ಳುತ್ತೆ. ಆಮೇಲೆ ಹಳೇ ಮೇಲ್‌ಗಳನ್ನು ಆಯ್ದು ಹೊಸ ಖಾತೆಯ ಪೆಟ್ಟಿಗೆಗೆ ನಕಲು ಮಾಡಿ. ಅವು ಸರ್ವರಿಗೆ ಏರಿ ಫೋನಿನಲ್ಲೂ ಕಾಣುತ್ತವೆ. ನಮ್ಮ ನೆಟ್ಟಿಗೆ ಒಂದು ಸಲಕ್ಕೆ ಐವತ್ತು ಸಾಕು. ನಾವು ಮೂರು ವರ್ಷದ ಕಾಗದ ಏರಿಸಲು ನಾಲ್ಕು ರಾತ್ರಿ ಕೂತೆವು. ಫೋನಿನಲ್ಲಿ ಎಣಿಸಿ ನೋಡಿದ ಮೇಲೆಯೇ ಹಳೆಯದನ್ನು ತೆಗೆದದ್ದು.

ಐಮ್ಯಾಪಿನಲ್ಲಿ ಒಂದು ಅಪಾಯ ಇದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತೆ. ಮೊಮ್ಮಗು ಫೋನಿನಲ್ಲಿ ಒತ್ತಿದರೂ ಸಾಕು. ಜಿಮೇಲಿನ 'ಟ್ರ್ಯಾಶ್'ನಲ್ಲಿ 30 ದಿನ ಇರುತ್ತೆ, ಅಷ್ಟರೊಳಗೆ ವಾಪಸ್ ತೆಗೆದುಕೊಳ್ಳಬಹುದು. ಬೆರಳಿನಿಂದ ಪಕ್ಕಕ್ಕೆ ಸರಿಸಿ ಮೇಲ್ ಮಾಯವಾದರೆ ಅಳಿಸಿತು ಅಂತಲೇ ತಿಳಿಯಬೇಡಿ, ಸಾಮಾನ್ಯವಾಗಿ 'ಆರ್ಕೈವ್' ಆಗಿರುತ್ತೆ. 'ಆಲ್ ಮೇಲ್' ತೆರೆದರೆ ಸಿಗುತ್ತೆ. ಹಾಗಾಗಿ ಆರ್ಡರು, ಬಿಲ್ಲು, ವಿಮೆ ಕಾಗದಗಳನ್ನು ನಾವು ಥಂಡರ್‌ಬರ್ಡಿನ 'ಲೋಕಲ್ ಫೋಲ್ಡರ್'ಗೂ ನಕಲು ಮಾಡಿ ಇಡುತ್ತೇವೆ. ಅದು ಮನೆ ಕಂಪ್ಯೂಟರಿನಲ್ಲೇ ಇರುವ ಪೆಟ್ಟಿಗೆ. ಸರ್ವರಿನಲ್ಲಿ ಏನೇ ಅಳಿದರೂ ಇದಕ್ಕೆ ತಾಗೋದಿಲ್ಲ. ಮುಖ್ಯವಾದದ್ದು ಪೆನ್‌ಡ್ರೈವಿನಲ್ಲೂ ಇದೆ. ಕಣಜ ಒಂದೇ ಇದ್ದರೂ ಬಿತ್ತನೆ ಬೀಜವನ್ನು ಬೇರೆ ಗುಡಾಣದಲ್ಲಿ ಇಡೋದಿಲ್ಲವೇ, ಹಾಗೆ.

ಎಲ್ಲ ಸರಿ ಇದ್ದೂ ಫೋನಿಗೆ ಮೇಲ್ ತಡವಾದರೆ ಮೂರು ಜಾಗ ನೋಡಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಹಾಕಿದ್ದರೆ ಫೋನು ಹಿಂದಿನಿಂದ ಮೇಲ್ ತರುವುದನ್ನು ನಿಲ್ಲಿಸಿರುತ್ತೆ. ಖಾತೆಯ ಸೆಟ್ಟಿಂಗಿನಲ್ಲಿ 'ಸಿಂಕ್' ಗುರುತು ಇರಬೇಕು. ಜಿಮೇಲ್ ಅಲ್ಲದ ಖಾತೆಗೆ ಎಷ್ಟು ನಿಮಿಷಕ್ಕೊಮ್ಮೆ ಕೇಳಬೇಕು ಅಂತಲೂ ಅಲ್ಲೇ ಇರುತ್ತೆ. ನಾನು 15 ನಿಮಿಷ ಇಟ್ಟಿದ್ದೇನೆ. ಗಾಡಿ ಹೊರಡಿಸುವ ಮುಂಚೆ ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದು ಬಿಟ್ಟು ಆಗಿಂದಾಗಲೇ ತರಿಸಿಕೊಳ್ಳುತ್ತೇನೆ.

ಇನ್ನು ಜಾಗದ ಮಾತು. ಜಿಮೇಲಿನ 15 ಜಿಬಿ ಬರೀ ಮೇಲಿಗಲ್ಲ, ಗೂಗಲ್ ಫೋಟೊ, ಡ್ರೈವ್ ಎಲ್ಲ ಸೇರಿ. ಮದುವೆ ವಿಡಿಯೋ ತುಂಬಿ ಜಾಗ ಮುಗಿದರೆ ಹೊಸ ಮೇಲ್ ಒಳಗೆ ಬರುವುದು ನಿಲ್ಲುತ್ತೆ, ಕಳಿಸಿದವರಿಗೆ ವಾಪಸ್ ಹೋಗುತ್ತೆ. ಗುಂಪಿನ ಕೆಲಸಕ್ಕೆ ಬೇರೆಯೇ ವಿಳಾಸ ಮಾಡಿಕೊಂಡು, ಅದರಲ್ಲಿ ಫೋಟೊ ಸೇರದಂತೆ ನೋಡಿಕೊಂಡರೆ ವರ್ಷಗಟ್ಟಲೆ ತುಂಬೋದಿಲ್ಲ.