ಗುಡ್ಡದ ಟ್ಯಾಂಕಿಗೆ ಫೋಟಾನ್ ಎಣಿಸುವ ಕಣ್ಣು

ಮಲೆನಾಡಿನ ಜಯಪುರದ ಕಡೆ ನೀರಿನ ಟ್ಯಾಂಕ್ ತೋಟದ ಮೇಲಿನ ಗುಡ್ಡದಲ್ಲಿದ್ದರೆ ಆಷಾಢದಲ್ಲಿ ಫಜೀತಿ. ಅಬ್ಬಿ ಪೈಪಿಗೆ ಎಲೆ ಕಟ್ಟಿತೋ, ಟ್ಯಾಂಕ್ ತುಂಬಿ ಹರಿಯುತ್ತಿದೆಯೋ ನೋಡಲು ಉಂಬಳ ಕಚ್ಚಿಸಿಕೊಂಡು ಹತ್ತಬೇಕು. ಕೆಲವು ನೂರು ರೂಪಾಯಿಯ ವಿಎಲ್53ಎಲ್0ಎಕ್ಸ್ ಎಂಬ ಸೆನ್ಸರ್ ಆ ನಡಿಗೆ ತಪ್ಪಿಸುತ್ತದೆ.

4.4 ಮಿ.ಮೀ. ಉದ್ದದ ಈ ಚಿಪ್ಪಿನಿಂದ 940 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಲೇಸರ್ ಮಿಡಿತಗಳು ಹೊರಡುತ್ತವೆ. ಮರಳಿದ ಬೆಳಕಿನ ಒಂದೇ ಒಂದು ಫೋಟಾನ್ ಬಿದ್ದರೂ ಅದರೊಳಗಿನ ಸ್ಪ್ಯಾಡ್ ಕೋಶ ವಿದ್ಯುತ್ ಸಂಕೇತ ಕೊಡಬಲ್ಲದು. ಬೆಳಕು ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಓಡುವುದರಿಂದ ಒಂದು ಮೀಟರ್ ದೂರ ಹೋಗಿ ಬರಲು ಏಳು ನ್ಯಾನೊಸೆಕೆಂಡೂ ಬೇಡ. ಆದರೆ ಒಂದು ಫೋಟಾನಿನ ಸಾಕ್ಷಿ ನಂಬುವಂತಿಲ್ಲ, ಅದು ಬಿಸಿಲಿನದೂ ಇರಬಹುದು. ಹಾಗಾಗಿ ಮಿಡಿತ ಮತ್ತೆ ಮತ್ತೆ ಹೋಗುತ್ತದೆ. ಫೋಟಾನುಗಳು ಯಾವ ಕ್ಷಣದಲ್ಲಿ ದಟ್ಟವಾಗಿ ಬರುತ್ತವೋ ಅದರಿಂದ ದೂರ ಸಿಗುತ್ತದೆ. ಮುಚ್ಚಿದ ಟ್ಯಾಂಕಿನ ಕತ್ತಲು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಬೇಕಾದದ್ದು: ಸೆನ್ಸರ್ ಬೋರ್ಡ್, ಇಎಸ್‌ಪಿ32 ಬೋರ್ಡ್, ನಾಲ್ಕು ವೈರ್, ಬ್ಯಾಟರಿ. ಸೆನ್ಸರಿನ ವಿಐಎನ್ ಅನ್ನು ಇಎಸ್‌ಪಿ32ರ 3.3 ವೋಲ್ಟಿಗೆ, ಗ್ರೌಂಡನ್ನು ಗ್ರೌಂಡಿಗೆ, ಎಸ್‌ಡಿಎ ಅನ್ನು 21ನೇ ಪಿನ್ನಿಗೆ, ಎಸ್‌ಸಿಎಲ್ ಅನ್ನು 22ನೇ ಪಿನ್ನಿಗೆ ಜೋಡಿಸಿ. ವೈರ್ ಅರ್ಧ ಮೀಟರ್ ಮೀರದಿರಲಿ. ಚಿಪ್ಪಿನ ಮೇಲೆ ಅಂಟಿಸಿರುವ ತೆಳು ಹಾಳೆ ಕಿತ್ತುಹಾಕಿ; ಎಷ್ಟೋ ಜನ ಇದನ್ನು ಮರೆತು ಸೆನ್ಸರ್ ಕೆಟ್ಟಿದೆ ಎನ್ನುತ್ತಾರೆ. ಆರ್ಡುಯಿನೊ ತಂತ್ರಾಂಶದಲ್ಲಿ ಪೊಲೊಲು ಲೈಬ್ರರಿ ಹಾಕಿ, ಅಳತೆಯ ಅವಧಿಯನ್ನು 200 ಮಿಲಿಸೆಕೆಂಡಿಗೆ ಏರಿಸಿ. ಹೆಚ್ಚು ಹೊತ್ತು ಎಣಿಸಿದಷ್ಟೂ ಅಳತೆ ಸ್ಥಿರ. 8190 ಎಂದು ಬಂದರೆ ಎದುರಿಗೆ ಏನೂ ಸಿಕ್ಕಿಲ್ಲ ಎಂದರ್ಥ. 65535 ಬಂದರೆ ವೈರ್ ನೋಡಿ.

ಹೆಚ್ಚಿನವರು ಸೋಲುವುದು ಮುಂದಿನ ಹಂತದಲ್ಲಿ. ಲೇಸರ್ ನೇರ ನೀರಿಗೆ ಬಿದ್ದರೆ ನೂರರಲ್ಲಿ ಎರಡು ಪಾಲು ಬೆಳಕಷ್ಟೇ ಮರಳುತ್ತದೆ. ಅಲೆ ಎದ್ದರೆ ಅದೂ ಬೇರೆ ದಿಕ್ಕಿಗೆ. ಆದ್ದರಿಂದ ಭದ್ರವಾಗಿ ಮುಚ್ಚಿದ, ಚಪ್ಪಟೆಯಾದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇಲಿಬಿಡಿ. ಹೊಳಪಿದ್ದರೆ ಮೇಲ್ಮೈಗೆ ಮರಳು ಕಾಗದ ಉಜ್ಜಿ. ಥರ್ಮೊಕೋಲ್ ಬೇಡ, ಪುಡಿಯುದುರಿ ಕುಡಿಯುವ ನೀರು ಸೇರುತ್ತದೆ. ಡಬ್ಬಿ ಅತ್ತಿತ್ತ ಸರಿಯದಂತೆ ತಳದ ಕಲ್ಲಿನಿಂದ ಮುಚ್ಚಳದವರೆಗೆ ಎರಡು ನೈಲಾನ್ ಹಗ್ಗ ಬಿಗಿದು, ಅವುಗಳ ನಡುವೆ ಏರಿಳಿಯಲು ಬಿಡಿ.

ಸೆನ್ಸರಿನ ನೋಟ 25 ಡಿಗ್ರಿ ಅಗಲ. ಗೋಡೆಯ ಪಕ್ಕ ಇಟ್ಟರೆ ಗೋಡೆಯನ್ನೇ ಅಳೆಯುತ್ತದೆ, ಮುಚ್ಚಳದ ನಡುಭಾಗಕ್ಕೆ ಇರಲಿ. ಟ್ಯಾಂಕ್ ತುಂಬಿದಾಗಲೂ ಡಬ್ಬಿಗೂ ಸೆನ್ಸರಿಗೂ 10 ಸೆಂ.ಮೀ. ಅಂತರ ಬಿಡಿ. ಇದರ ಮಿತಿ ಎರಡು ಮೀಟರ್. ಸಾವಿರ ಲೀಟರಿನ ಟ್ಯಾಂಕಿಗೆ ಸಾಕು, ಬಾವಿಗೆ ಸಾಲದು. ತೇವ ತಾಗದಂತೆ ಗಾಜು ಮುಚ್ಚುವುದಾದರೆ ಚಿಪ್ಪಿಗೆ ತಾಗುವಷ್ಟು ಹತ್ತಿರ ಕೂರಿಸಿ, ಇಲ್ಲದಿದ್ದರೆ ಗಾಜಿನಿಂದಲೇ ಫೋಟಾನ್ ವಾಪಸಾಗಿ ಲೆಕ್ಕ ಕೆಡುತ್ತದೆ.

ಶಬ್ದದ ಅಲೆಯ ಸೆನ್ಸರ್ ನೀರನ್ನು ನೇರವಾಗಿಯೇ ಅಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ. ಆದರೆ ನೀರು ತಾಗಿದರೂ ಕೆಡದ ಮಾದರಿಗೆ ಹತ್ತಿರದ ಸುಮಾರು 20 ಸೆಂ.ಮೀ. ಕಾಣದು, ಟ್ಯಾಂಕ್ ತುಂಬುವ ಹೊತ್ತಿಗೇ ಕುರುಡು.

ಖಾಲಿ ಮತ್ತು ತುಂಬಿದ ಟ್ಯಾಂಕಿನ ಅಳತೆ ಒಂದೊಂದು ಬಾರಿ ಬರೆದಿಟ್ಟುಕೊಳ್ಳಿ, ನಡುವಿನದು ಸರಳ ಲೆಕ್ಕ. ಅಳತೆಯನ್ನು ಇಎಸ್‌ಪಿ32 ಮನೆಯ ವೈಫೈ ಮೂಲಕ ಕಳಿಸುತ್ತದೆ; ವೈಫೈ ಗುಡ್ಡಕ್ಕೆ ತಲುಪದಿದ್ದರೆ, ದೂರಕ್ಕೆ ರೇಡಿಯೊ ಸಂದೇಶ ಕಳಿಸುವ ಎರಡು ಲೋರಾ ಮಾಡ್ಯೂಲ್ ಕೊಳ್ಳಿ. ಭಾರತದಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನದೇ ಆಗಿರಲಿ.

ದೂರ ಮಾತ್ರವಲ್ಲ, ಚಿತ್ರವೂ ಬೇಕೆನ್ನುವವರಿಗೆ ಇದೇ ಕುಟುಂಬದ ವಿಎಲ್53ಎಲ್5ಸಿಎಕ್ಸ್ ಇದೆ. ಅದು ನೋಟವನ್ನು 64 ಚೌಕಗಳಾಗಿ ಸೀಳಿ, ಪ್ರತಿ ಚೌಕದ ದೂರವನ್ನೂ ಸೆಕೆಂಡಿಗೆ 15 ಬಾರಿ ಹೇಳುತ್ತದೆ. 2020ರ ಐಫೋನ್ 12 ಪ್ರೊದಲ್ಲಿ ಬಂದ ಲೈಡಾರ್ ಕೂಡ ಬೆಳಕು ಹೋಗಿ ಬರುವ ಹೊತ್ತನ್ನೇ ಅಳೆಯುವ ಸಾಧನ. ಟ್ಯಾಂಕಿಗೆ ಅಷ್ಟು ಖರ್ಚು ದಂಡ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕಾದರೆ ವಿಎಲ್53ಎಲ್5ಸಿಎಕ್ಸ್ ತರಿಸಿ.